ಊಟವಾದ ಮೇಲಿನ ಡಾಕ್ಟರು

ಕಳೆದ ವಾರ ನ್ಯೂಜೆರ್ಸಿಯ ಸೀಕಾಕಸ್ ಸ್ಟೇಷನ್ನಿನಲ್ಲಿ ರೈಲು ಬದಲಿಸಲು ನಿಂತಿದ್ದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಚ್ಯೂಯಿಂಗ್ ಗಮ್ ಬಾಯಿಗೆ ಹಾಕಿಕೊಂಡಳು. ಬಾಳೆಹಣ್ಣಿನ ವಾಸನೆ. ನಿಜವಾದ ಬಾಳೆಹಣ್ಣು ಹಾಗೆ ಮೂಗಿಗೆ ಬಡಿಯುವುದಿಲ್ಲ. ಅದು ಲ್ಯಾಬಿನಲ್ಲಿ ಆಲ್ಕೋಹಾಲಿಗೆ ಆಮ್ಲ ಸೇರಿಸಿ ಕಾಯಿಸಿದಾಗ ಹುಟ್ಟುವ ವಾಸನೆ. ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಿದವರಿಗೆಲ್ಲ ಗೊತ್ತು. ನಾನು ಅದನ್ನು ಓದಿದ್ದು ಮೂವತ್ತಾರನೆಯ ವಯಸ್ಸಿನಲ್ಲಿ, ಪಿಸ್ಕಾಟವೇಯ ಕ್ಯಾಂಪಸ್ಸಿನಲ್ಲಿ. ಆ ಇಡೀ ಚಳಿಗಾಲ ನನ್ನ ಜಾಕೆಟ್ಟಿಗೆ, ಕೂದಲಿಗೆ ಆ ಸುಳ್ಳು ಬಾಳೆಹಣ್ಣು ಅಂಟಿಕೊಂಡೇ ಇತ್ತು. ನಾನು ಗಮ್ ಅಗಿಯುತ್ತಿದ್ದವಳನ್ನು ದುರುಗುಟ್ಟಿ ನೋಡಿದೆನೆಂದು ಕಾಣುತ್ತದೆ, ಅವಳು ಆಚೆ ಸರಿದು ನಿಂತಳು. ಪಾಪ, ಅವಳದೇನೂ ತಪ್ಪಿಲ್ಲ. ಆ ವರ್ಷದ ಜನರನ್ನು ನೆನೆಸಿಕೊಂಡರೆ ನನ್ನ ಮುಖ ತಾನಾಗಿಯೇ ಹಾಗಾಗುತ್ತದೆ.

ನಾನು ಮೈಸೂರಿನವಳು. ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಂಡು, ಇತಿಹಾಸದಲ್ಲಿ ಎಂ.ಎ. ಮಾಡಿದವಳು. ನಮ್ಮ ಜನ ‘ಆರ್ಟ್ಸ್’ ಅನ್ನುವಾಗ ಧ್ವನಿ ಸ್ವಲ್ಪ ಇಳಿಸುತ್ತಾರೆ, ಮನೆಯಲ್ಲಿ ಯಾರಿಗೋ ಹೇಳಬಾರದ ಕಾಯಿಲೆ ಇರುವ ಹಾಗೆ. ಮಾರ್ಕ್ಸ್ ಬಾರದವರು ಆರ್ಟ್ಸ್ ತಗೊಳ್ಳುತ್ತಾರೆ ಅನ್ನುವುದು ಅವರ ಪಾಲಿಗೆ ವೇದವಾಕ್ಯ. ನನಗೆ ಮಾರ್ಕ್ಸ್ ಬಂದಿತ್ತು, ಬೇಕಂತಲೇ ತೆಗೆದುಕೊಂಡೆ ಅಂದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ಮದುವೆಯಾಗಿ ನ್ಯೂಜೆರ್ಸಿಗೆ ಬಂದೆ. ಗಂಡ ಶ್ರೀಧರ ಹುಬ್ಬಳ್ಳಿಯವನು, ಐಟಿ. ನಾನು ಒಂದು ಟೆಲಿಕಾಂ ಕಂಪನಿಯಲ್ಲಿ ಮ್ಯಾನ್ಯುಯಲ್ ಬರೆಯುವ ಕೆಲಸ ಹಿಡಿದೆ. ನಾನು ಬರೆದದ್ದನ್ನು ಭೂಮಿಯ ಮೇಲೆ ಯಾರೂ ಓದುತ್ತಿರಲಿಲ್ಲ. ಬರೆಸುತ್ತಿದ್ದ ಮ್ಯಾನೇಜರ್ ಕೂಡ.

ನಮ್ಮ ಟೌನಿನ ಆಂಬುಲೆನ್ಸ್ ನಡೆಸುವುದು ಊರವರದೇ ಒಂದು ಸ್ವಯಂಸೇವಕ ದಳ. ಬೇಸರ ಕಳೆಯಲೆಂದು ಅದಕ್ಕೆ ಸೇರಿದ್ದೆ. ನಾಡಿ ಎಣಿಸುವುದು, ಬಿಪಿ ನೋಡುವುದು, ಉಸಿರು ನಿಂತವರ ಎದೆ ಒತ್ತುವುದು, ಎಲ್ಲ ಅವರೇ ಕಲಿಸಿದರು. ಒಂದು ಭಾನುವಾರ ಎದೆನೋವೆಂದು ಕರೆಸಿಕೊಂಡ ಮುದುಕನೊಬ್ಬ ಆಸ್ಪತ್ರೆ ಬರುವ ತನಕ ನನ್ನ ಕೈ ಬಿಡಲೇ ಇಲ್ಲ. ಮರುದಿನ ಆಫೀಸಿನಲ್ಲಿ ಕೂತು ‘ಕೆಂಪು ದೀಪ ಉರಿದರೆ ಎಡಗಡೆಯ ಗುಂಡಿ ಒತ್ತಿ’ ಎಂದು ಬರೆಯುತ್ತಿದ್ದೆ. ಥೂ, ಇದೂ ಒಂದು ಬಾಳೇ ಅನ್ನಿಸಿತು. ನಾನು ಡಾಕ್ಟರಾಗಬೇಕು ಅಂತ ನಿರ್ಧರಿಸಿದ್ದು ಅವತ್ತೇ, ಮಧ್ಯಾಹ್ನದ ಊಟದ ಹೊತ್ತಿಗೆ. ಇದರ ಹಿಂದೆ ದೊಡ್ಡ ಕತೆಯೇನಾದರೂ ಇದೆಯೇ ಎಂದು ಕೇಳುವವರಿಗೆ ನಿರಾಸೆಯಾಗುತ್ತದೆ. ಇಲ್ಲ.

ಇಲ್ಲಿ ಮೆಡಿಕಲ್ ಸ್ಕೂಲಿಗೆ ಯಾವ ಡಿಗ್ರಿಯಾದರೂ ಆದೀತು. ಆದರೆ ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ ಮುಗಿಸಿರಬೇಕು. ಹತ್ತನೆಯ ಕ್ಲಾಸಿನ ನಂತರ ನಾನು ಅವುಗಳ ಮುಖ ನೋಡಿರಲಿಲ್ಲ. ಕೆಲಸ ಬಿಟ್ಟು, ಇಪ್ಪತ್ತು ವರ್ಷದ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತೆ. ಆ ಮಕ್ಕಳು ನನ್ನನ್ನು ‘ಮ್ಯಾಮ್’ ಎಂದು ಕರೆದು ಬಾಗಿಲು ಹಿಡಿದು ನಿಲ್ಲುತ್ತಿದ್ದರು, ನಾನು ಬಿದ್ದುಬಿಡುತ್ತೇನೋ ಎಂಬಂತೆ.

ನಮ್ಮ ಕನ್ನಡದವರ ಪ್ರತಿಕ್ರಿಯೆ ಇನ್ನೂ ಸೊಗಸು. ಒಬ್ಬರು “ಹೌ ನೈಸ್” ಅಂದು ತಕ್ಷಣ ಗಂಡನ ಕಡೆ ನೋಡಿ “ಇನ್ಕಮ್ ಹೇಗಪ್ಪಾ ಮತ್ತೆ?” ಅಂದರು. ಇನ್ನೊಬ್ಬರು “ನರ್ಸಿಂಗ್ ಮಾಡ್ಬಹುದಲ್ವಾ, ಪ್ರಾಕ್ಟಿಕಲ್ಲು” ಅಂದರು, ನರ್ಸಿಂಗ್ ಏನೋ ಅಡುಗೆಮನೆಯ ಕೆಲಸ ಅನ್ನುವ ಹಾಗೆ. ಆದರೆ ಕಿರೀಟ ಕೊಡಬೇಕಾದದ್ದು ಡಾಕ್ಟರ್ ಅಂಕಲ್‌ಗೆ.

ಡಾಕ್ಟರ್ ಅಂಕಲ್ ಅಂದರೆ ನಮ್ಮ ಸುತ್ತಿನ ಕನ್ನಡದವರಿಗೆಲ್ಲ ಹಿರಿಯರು, ಬೆಂಗಳೂರಿನವರು, ಸ್ವಂತ ಕ್ಲಿನಿಕ್ ಇಟ್ಟವರು. ಹೆಸರು ಹಿಡಿದು ಕರೆಯುವವರೇ ಇಲ್ಲ. ಯಾರ ಮನೆಯಲ್ಲಿ ಪೂಜೆಯಾಗಲಿ, ಊಟವಾದ ಮೇಲೆ ಗಂಡಸರು ಬೇಸ್‌ಮೆಂಟಿಗೆ ಇಳಿಯುತ್ತಾರೆ. ಅಲ್ಲಿರುವ ಒರಗುಕುರ್ಚಿ ಅವರಿಗೆ ಮೀಸಲು. ಅವರು ಕಾಲು ಚಾಚಿ ಕೂತರೆಂದರೆ ಒಬ್ಬೊಬ್ಬರಾಗಿ ಬಂದು ಫೋನಿನಲ್ಲಿ ಬ್ಲಡ್ ರಿಪೋರ್ಟ್ ತೋರಿಸುತ್ತಾರೆ. ಅಂಕಲ್ ಬಾಳೆಕಾಯಿ ಚಿಪ್ಸ್ ಅಗಿಯುತ್ತಾ, ಕನ್ನಡಕ ಮೇಲೆತ್ತಿ ಒಂದು ಕ್ಷಣ ನೋಡಿ, “ಏನಿಲ್ಲ, ಅನ್ನ ಕಮ್ಮಿ ಮಾಡಿ” ಅನ್ನುತ್ತಾರೆ. ಲಕ್ಷಗಟ್ಟಲೆ ಸಂಬಳ ತರುವ, ಒಳ್ಳೆಯ ಇನ್ಶೂರೆನ್ಸ್ ಇರುವ, ಮನೆಯಿಂದ ಕೂಗಳತೆಯಲ್ಲಿ ಡಾಕ್ಟರಿರುವ ಗಂಡಸರು ಕೈಕಟ್ಟಿ ನಿಂತು ಕೇಳುತ್ತಾರೆ. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ ನಮ್ಮದು.

“ಏನಮ್ಮಾ, ಹಿಸ್ಟರಿ ಓದ್ಕೊಂಡು ಹಾರ್ಟ್ ನೋಡ್ತೀಯಂತೆ?” ಅಂದರು ಅಂಕಲ್, ನನ್ನ ಸುದ್ದಿ ಕೇಳಿದ ದಿನ. “ಯಾರ ಹಾರ್ಟು? ಅಶೋಕ ಚಕ್ರವರ್ತೀದಾ?”

ಇಡೀ ಬೇಸ್‌ಮೆಂಟು ನಕ್ಕಿತು. ನನ್ನ ಗಂಡನೂ ನಕ್ಕ. ನಾನೂ ಹಲ್ಲು ಕಿರಿದೆ, ಏಕೆಂದರೆ ನನಗೆ ಅವರಿಂದ ಕೆಲಸವಾಗಬೇಕಿತ್ತು. ಕಾಲೇಜಿನ ಅಡ್ವೈಸರ್ ನನ್ನನ್ನು ಕೂರಿಸಿ ಬಿಡಿಸಿ ಹೇಳಿದ್ದಳು: ನಿನ್ನ ವಯಸ್ಸು ಇಷ್ಟು, ಹಿನ್ನೆಲೆ ಇಂಥದು, ನೀನು ಜೊತೆಗಿದ್ದು ಕೆಲಸ ನೋಡಿದ ಒಬ್ಬ ವೈದ್ಯರ ಶಿಫಾರಸು ಪತ್ರವಿಲ್ಲದೆ ಈ ಸಲ ಅರ್ಜಿ ಹಾಕುವುದೇ ಬೇಡ. ವಸಂತ ಕಾಲದೊಳಗೆ ಪತ್ರ ಬರಬೇಕು. ಬಾರದಿದ್ದರೆ ಒಂದು ವರ್ಷ ಹೋಯಿತು. ಮೂವತ್ತಾರಕ್ಕೆ ಶುರು ಮಾಡಿದವಳಿಗೆ ಒಂದು ವರ್ಷ ಅಂದರೆ ಸಣ್ಣ ಮಾತಲ್ಲ. ಫೋನ್ ಮಾಡಿದ ಡಾಕ್ಟರುಗಳೆಲ್ಲ ಮೂವತ್ತು ದಾಟಿದವಳು ಅಂದ ಕೂಡಲೇ ನುಣುಚಿಕೊಂಡರು. ಬಾ ಅಂದವರು ಅಂಕಲ್ ಒಬ್ಬರೇ.

ಡಾಕ್ಟರ ಹಿಂದೆ ನೆರಳಿನ ಹಾಗೆ ನಿಂತು ಕೆಲಸ ನೋಡುವುದಕ್ಕೆ ಇಲ್ಲಿ ಶ್ಯಾಡೋ ಮಾಡುವುದು ಅನ್ನುತ್ತಾರೆ. ಅಂಕಲ್ ಕ್ಲಿನಿಕ್ಕಿನಲ್ಲಿ ನನ್ನ ನೆರಳು ಬಿದ್ದದ್ದು ಟೆಲಿಫೋನಿನ ಮೇಲೆ. “ನಮಸ್ಕಾರ ಆಂಟಿ, ನಾಳೆ ನಿಮ್ಮ ಅಪಾಯಿಂಟ್‌ಮೆಂಟ್ ಇದೆ, ಮರೀಬೇಡಿ.” ದಿನವಿಡೀ ಇದೇ ಪಾರಾಯಣ. ರೋಗಿಯ ಕೋಣೆಗೆ ನಾನು ಕಾಲಿಟ್ಟದ್ದು ಅಂಕಲ್‌ಗೆ ಕಾಫಿ ಒಯ್ದಾಗ. ಅವರ ಸ್ನೇಹಿತರ ಮಕ್ಕಳಿಗೆ ಅಷ್ಟೂ ಕಷ್ಟವಿರಲಿಲ್ಲ. ಅವರು ಬೇಸಿಗೆ ರಜೆಯಲ್ಲಿ ಬೀಚಿನಲ್ಲಿ ಬಿದ್ದುಕೊಂಡಿದ್ದರೂ ಅಂಕಲ್ ಶ್ಯಾಡೋ ಮಾಡಿದ ಗಂಟೆಗಳ ಲೆಕ್ಕಕ್ಕೆ ಸಹಿ ಹಾಕುತ್ತಿದ್ದರು. “ಎಲ್ಲಾ ನಮ್ಮ ಮಕ್ಕಳೇ ಕಣಮ್ಮಾ.” ಆ ಮಕ್ಕಳಲ್ಲಿ ಇಬ್ಬರು ಈಗ ಎಲ್ಲೋ ಡಾಕ್ಟರುಗಳು. ಯಾವ ಊರಲ್ಲಿ ಅಂತ ನಾನು ತಿಳಿದುಕೊಂಡಿದ್ದೇನೆ. ಆ ಊರಿನಲ್ಲಿ ಕಾಯಿಲೆ ಬೀಳುವ ಯೋಚನೆ ಇಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲೇ ನನ್ನ ಅತ್ತೆ ಹುಬ್ಬಳ್ಳಿಯಿಂದ ಬಂದರು, ಆರು ತಿಂಗಳಿಗೆ. ಪ್ರಾಥಮಿಕ ಶಾಲೆಯಲ್ಲಿ ಬದುಕೆಲ್ಲ ಅಕ್ಕೋರಾಗಿದ್ದು ನಿವೃತ್ತರಾದವರು. ದೊಡ್ಡವರನ್ನೂ ಬೆಂಚಿನ ಮೇಲೆ ನಿಲ್ಲಿಸುವ ದೃಷ್ಟಿ. ನನ್ನ ಓದಿನ ಬಗ್ಗೆ ಅವರ ಅಭಿಪ್ರಾಯ ಬಂದ ದಿನವೇ ಹೊರಬಿತ್ತು. ಹುಬ್ಬಳ್ಳಿಯ ತಂಗಿಗೆ ಫೋನಿನಲ್ಲಿ, ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದರು.

“ಏನ್ ಹೇಳ್ಲಿ ಶಾಂತಾ, ಮೂವತ್ತಾರ್ ವರ್ಷದಾಕಿ ಪಾಟಿಚೀಲ ಹಾಕ್ಕೊಂಡು ಸಾಲಿಗೆ ಹೊಂಟಾಳ. ಇದ್ದ ನೌಕರಿ ಬಿಟ್ಟು! ಆಕಿ ಕಲತು ಮುಗಸೂದ್ರಾಗ ನಾ ಸತ್ತು ವರ್ಷದ ಎಡಿ ಆಗಿರ್ತದ ನೋಡು.”

ನಾನೂ ಅವರನ್ನು ತಲೆಯ ಮೇಲೇನೂ ಹೊತ್ತು ಮೆರೆಸಲಿಲ್ಲ. ಆಂಬುಲೆನ್ಸ್ ದಳದ ಅಭ್ಯಾಸ ತಪ್ಪದಿರಲೆಂದು ಭಾನುವಾರ ಅವರನ್ನು ಹಿಡಿದು ಕೂರಿಸಿ ಬಿಪಿ ನೋಡುತ್ತಿದ್ದೆ, ನಾಡಿ ಎಣಿಸುತ್ತಿದ್ದೆ. “ಮುಗೀತೇನು ನಿನ್ನ ಆಟ?” ಅನ್ನುತ್ತಿದ್ದರು. ನನ್ನ ಜಾಕೆಟ್ ಮೂಸಿ “ಮನಿಯೊಳಗ ಏನೋ ಹಣ್ಣು ಕೊಳತದ” ಅಂತ ಅಡುಗೆಮನೆಯೆಲ್ಲ ಹುಡುಕುತ್ತಿದ್ದರು.

ನವರಾತ್ರಿಯ ಒಂದು ಮಧ್ಯಾಹ್ನ ಅಂಕಲ್ ಮನೆಯಲ್ಲಿ ಗೊಂಬೆ, ಊಟ. ಊಟವಾದ ಮೇಲೆ ಬೇಸ್‌ಮೆಂಟಿನ ದರ್ಬಾರು. ನನ್ನ ಗಂಡ ತಾಯಿಯನ್ನು ಕೈಹಿಡಿದು ಇಳಿಸಿಕೊಂಡು ಹೋಗಿ ಅಂಕಲ್ ಮುಂದೆ ಕೂರಿಸಿದ.

“ಬಿಪಿಗೆ ಏನ್ ತಗೋತಿದ್ದೀರಮ್ಮಾ?”

“ಹುಬ್ಬಳ್ಳಿ ಡಾಕ್ಟರ್ ಬರದ್ ಕೊಟ್ಟಾರ್ರೀ. ಬಿಳೀದು, ಸಣ್ಣ ಗುಳಿಗಿ. ಆರ್ ತಿಂಗಳಿಗಾಗೂವಷ್ಟು ತಂದೀನಿ.”

“ಅಯ್ಯೋ, ಇಂಡಿಯಾ ಮಾತ್ರೆ! ಅದ್ರೊಳಗೆ ಏನ್ ತುಂಬಿರ್ತಾರೋ ಏನೋ. ನಾನು ಇಲ್ಲೀದು ಬರ್ದು ಫಾರ್ಮಸಿಗೆ ಕಳಿಸ್ಬಿಡ್ತೀನಿ. ಫಸ್ಟ್ ಕ್ಲಾಸ್.”

ಎಡಗೈಯಲ್ಲಿ ಹೋಳಿಗೆಯ ತಟ್ಟೆ, ಬಲಗೈಯ ಹೆಬ್ಬೆರಳಿನಲ್ಲಿ ಫೋನು. ಅಷ್ಟರಲ್ಲಿ ಚಿಕಿತ್ಸೆ ಮುಗಿಯಿತು. ಅತ್ತೆಯ ಕೈ ಮುಟ್ಟಲಿಲ್ಲ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯ ಹೆಸರೇನು ಅಂತ ಕೇಳಲಿಲ್ಲ. ಅದನ್ನು ನಿಲ್ಲಿಸಿ ಅಂತ ಹೇಳಲೂ ಇಲ್ಲ. “ಎಷ್ಟ್ ಸಿಂಪಲ್ ಮನುಷ್ಯ ನೋಡ್ರೀ” ಅಂತ ಕಾರಿನಲ್ಲಿ ಶ್ರೀಧರ ಕರಗಿಹೋದ. ನನಗೂ ಅವತ್ತು ಏನೂ ಹೊಳೆಯಲಿಲ್ಲ. ಮರುವಾರ ಪರೀಕ್ಷೆ ಇತ್ತು, ತಲೆಯ ತುಂಬ ಇಂಗಾಲ.

ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮೊದಲ ಪರೀಕ್ಷೆಯಲ್ಲಿ ನಾನು ಪಡೆದ ಅಂಕವನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮೇಷ್ಟ್ರು ಒಬ್ಬ ಒಣಕಲು ಮುದುಕ, ನಗುವುದು ಅಂದರೆ ಅವರಿಗೆ ಅಲರ್ಜಿ. ನನ್ನ ಉತ್ತರಪತ್ರಿಕೆ ಹಿಡಿದು, “ನೀನು ಚಿತ್ರ ನೆನಪಿಟ್ಟುಕೊಂಡು ಬರೆದಿದ್ದೀಯ. ಹಿಂದೆ ಏನು ಓದಿದ್ದೆ?” ಅಂದರು. ಇತಿಹಾಸ ಅಂದೆ. “ಹಾಗಾದರೆ ಯಾರು ಯಾರ ಮೇಲೆ ಯಾಕೆ ದಂಡೆತ್ತಿ ಹೋದರು ಅಂತ ನನಗೆ ಹೇಳು” ಅಂದರು. ಅವತ್ತಿನಿಂದ ನನಗೆ ದಾರಿ ಸಿಕ್ಕಿತು. ಎಲೆಕ್ಟ್ರಾನುಗಳು ಹಸಿದ ಸೈನ್ಯ, ಎಲ್ಲಿ ಕೋಟೆ ದುರ್ಬಲವೋ ಅಲ್ಲಿ ನುಗ್ಗುತ್ತವೆ, ಒಬ್ಬ ಒಳಗೆ ಬಂದರೆ ಇನ್ನೊಬ್ಬ ಗಂಟುಮೂಟೆ ಕಟ್ಟಬೇಕು. ಸೈನ್ಸ್ ಸೈನ್ಸ್ ಅಂತ ಇಷ್ಟು ವರ್ಷ ನಮ್ಮನ್ನು ಹೆದರಿಸಿದ್ದು ಇದಕ್ಕಾ ಅನ್ನಿಸಿ ಸಿಟ್ಟೇ ಬಂತು. ಪುಸ್ತಕದ ಪಕ್ಕದಲ್ಲಿ ಯುದ್ಧವರ್ಣನೆ ಬರೆಯುತ್ತಾ ಎರಡನೆಯ ಪರೀಕ್ಷೆ ದಾಟಿದೆ, ಮೂರನೆಯದರಲ್ಲಿ ಚೆನ್ನಾಗಿಯೇ ಮಾಡಿದೆ.

ಡಿಸೆಂಬರ್ ಬಂತು. ಹಿಮ ಬಿದ್ದು, ಕರಗಿ, ಮತ್ತೆ ಗಟ್ಟಿಯಾಗಿ ಡ್ರೈವ್‌ವೇ ಗಾಜಿನಂತಾಯಿತು. ಪರೀಕ್ಷೆಗಳ ನಡುವೆ ಬಿಟ್ಟುಹೋಗಿದ್ದ ಅಭ್ಯಾಸ ಮತ್ತೆ ಶುರುಮಾಡಿ ಒಂದು ಭಾನುವಾರ ಅತ್ತೆಯ ನಾಡಿ ಹಿಡಿದವಳಿಗೆ ಲೆಕ್ಕ ತಪ್ಪಿತೇನೋ ಅನ್ನಿಸಿತು. ಮತ್ತೆ ಎಣಿಸಿದೆ. ಐವತ್ತನ್ನೂ ಮುಟ್ಟಲಿಲ್ಲ. ಸೆಪ್ಟೆಂಬರಿನಲ್ಲಿ ಎಪ್ಪತ್ತರ ಮೇಲಿತ್ತು. “ಅತ್ತೆ, ಏನಾದ್ರೂ ಸುಸ್ತಾಗತ್ತಾ?” ಅಂದೆ. “ಈ ಥಂಡಿಯೊಳಗ ಯಾರಿಗೆ ಸುಸ್ತಾಗಂಗಿಲ್ಲ?” ಅಂದರು. ಮರುದಿನ ಕ್ಲಿನಿಕ್ಕಿನಲ್ಲಿ ಅಂಕಲ್ ಬಿಡುವಾಗಿದ್ದಾಗ ಹೇಳಿದೆ.

“ನಮ್ಮ ಅತ್ತೆ ಪಲ್ಸ್ ತುಂಬಾ ಸ್ಲೋ ಇದೆ ಅಂಕಲ್. ಒಂದ್ಸಲ ನೋಡ್ತೀರಾ?”

ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. “ಮಂಜುಳಾ, ಆಂಬುಲೆನ್ಸಲ್ಲಿ ನಾಲ್ಕು ದಿನ ಓಡಾಡಿದ ತಕ್ಷಣ ಡಯಾಗ್ನೋಸಿಸ್ ಮಾಡೋಕೆ ಹೋಗಬಾರದಮ್ಮಾ. ನೀನು ಸರಿಯಾಗಿ ಎಣಿಸಿರಲ್ಲ. ಆರ್ಟ್ಸ್‌ನವರಿಗೆ ಮ್ಯಾಥ್ಸ್ ವೀಕು.” ಹೇಳಿ ತಾವೇ ನಕ್ಕರು. ಆಮೇಲೆ, “ನಿನ್ನ ಲೆಟರ್ ಜನವರೀಲಿ ಬರೀತೀನಿ, ನೆನಪಿಸು” ಅಂದರು.

ಲೆಟರ್ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ನನ್ನ ಬಾಯಿ ಮುಚ್ಚಿತು. ಅದನ್ನು ಅವರು ಸರಿಯಾದ ಜಾಗದಲ್ಲೇ ಹೇಳಿದ್ದರು.

ಎರಡು ವಾರ ಕಳೆದು ಒಂದು ಶನಿವಾರ ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ನಿಂತಿತು. ಹೋಗಿ ನೋಡಿದರೆ ನೆಲದ ಮೇಲೆ ಕೂತಿದ್ದಾರೆ, ಬೆನ್ನು ಕಪಾಟಿಗೆ, ಮುಖ ಬೂದಿ ಬಣ್ಣ, ಹಣೆಯ ಮೇಲೆ ತಣ್ಣನೆಯ ಬೆವರು. “ಕಣ್ಣಿಗೆ ಕತ್ತಲಿ ಬಂತು” ಅಂದರು. ನಾಡಿ ಹಿಡಿದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ನನಗೇ ಉಸಿರು ಕಟ್ಟುವಷ್ಟು ಅಂತರ.

“ಅತ್ತೆ, ನಿಮ್ಮ ಮಾತ್ರೆ ಎಲ್ಲಿ? ಎಲ್ಲಾ ತೋರಿಸಿ ನನಗೆ.”

ಕೈಮಾಡಿ ತೋರಿಸಿದ ಸ್ಟೀಲ್ ಡಬ್ಬಿಯಲ್ಲಿ ಎರಡೂ ಇದ್ದವು: ಹುಬ್ಬಳ್ಳಿಯ ಹಾಳೆಗಳು, ಇಲ್ಲಿನ ಫಾರ್ಮಸಿಯ ಕಿತ್ತಳೆ ಬಣ್ಣದ ಬಾಟಲಿ. ಮೇಲಿನ ದೊಡ್ಡ ಹೆಸರು ಬೇರೆ ಬೇರೆ. ಕೆಳಗೆ ಸಣ್ಣಕ್ಷರದಲ್ಲಿ ಬರೆದ ಮದ್ದಿನ ಹೆಸರು ಒಂದೇ. ಎದೆಬಡಿತ ಇಳಿಸುವ ಮದ್ದು, ಎರಡು ತಿಂಗಳಿಂದ ದುಪ್ಪಟ್ಟು.

“ಎರಡೂ ತಗೋತಿದ್ದೀರಾ?!”

“ಹೂಂ ಮತ್ತ. ಮುಂಜಾನೆ ಹುಬ್ಬಳ್ಳಿಯವರದು, ರಾತ್ರಿ ಇವರದು. ಅವರದು ಬಿಟ್ರ ಅವರಿಗೆ ಬ್ಯಾಸರ, ಇವರದು ಬಿಟ್ರ ಇವರಿಗೆ ಬ್ಯಾಸರ. ಇಬ್ರೂ ಪಾಪ ಕಾಳಜಿಲೇ ಕೊಟ್ಟಾರ.”

ಅಯ್ಯೋ ಕರ್ಮವೇ! ಎಂಟು ಸಾವಿರ ಮೈಲಿಗಳಾಚೆಯ ಡಾಕ್ಟರಿಗೂ ಬೇಜಾರಾಗಬಾರದೆಂದು ಮಾತ್ರೆ ನುಂಗುವ ದಾಕ್ಷಿಣ್ಯ ನಮ್ಮವರನ್ನು ಬಿಟ್ಟು ಇನ್ನಾರಿಗೆ ಬಂದೀತು? ನಾನು ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಶ್ರೀಧರ ಆಗಲೇ ಅಂಕಲ್ ಜೊತೆ ಮಾತಾಡುತ್ತಿದ್ದ. “ಅಂಕಲ್ ಹೇಳ್ತಿದ್ದಾರೆ, ಸ್ಟ್ರಾಂಗ್ ಕಾಫಿ ಕೊಟ್ಟು ಮಲಗಿಸಿ ಅಂತ. ಆಂಬುಲೆನ್ಸ್ ಎಲ್ಲಾ ಬೇಡ, ಓವರ್‌ರಿಯಾಕ್ಟ್ ಮಾಡ್ಬೇಡ.” ಅಡುಗೆಮನೆಯ ನೆಲದ ಮೇಲೆ ಹೆತ್ತ ತಾಯಿ ಬೆವರುತ್ತಿದ್ದಾಳೆ, ಇವನಿಗೆ ಸ್ಪೀಕರ್ ಫೋನಿನಲ್ಲಿ ಹಿರಿಯರ ಮರ್ಯಾದೆ. ನಾನು ಆಂಬುಲೆನ್ಸ್ ಕರೆದೆ. ಬಂದವರು ನಮ್ಮ ದಳದವರೇ. ಯಾರೂ ಅಶೋಕ ಚಕ್ರವರ್ತಿಯ ಸುದ್ದಿ ತೆಗೆಯದೆ ತಮ್ಮ ಕೆಲಸ ಮಾಡಿದರು.

ಎಮರ್ಜೆನ್ಸಿಯ ಹೊರಗೆ ಶ್ರೀಧರ ನನ್ನನ್ನು ಮೂಲೆಗೆ ಕರೆದ. “ಆ ಬಾಟಲಿ ನಿನ್ನ ಬ್ಯಾಗಲ್ಲೇ ಇರ್ಲಿ. ಅಂಕಲ್ ಹೆಸರು ಪ್ರಿಂಟ್ ಆಗಿದೆ ಅದರ ಮೇಲೆ. ಬರೀ ಇಂಡಿಯಾದ್ದು ತೋರ್ಸು, ಅವ್ವ ಜಾಸ್ತಿ ತಗೊಂಡ್ಲು ಅಂದ್ರಾತು. ಟ್ರೀಟ್‌ಮೆಂಟ್ ಹೆಂಗೂ ಒಂದೇ ಅಲ್ಲಾ? ನಿನ್ನ ಲೆಟರಿನ ವಿಚಾರ ಮಾಡು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹದಿಮೂರು ವರ್ಷದ ಸಂಸಾರದಲ್ಲಿ ನನ್ನ ಗಂಡ ಆಡಿದ ಒಂದೇ ತತ್ತ್ವ ಇದು, ಬೇರೆ ಬೇರೆ ಮಾತುಗಳಲ್ಲಿ. ಸುಳ್ಳೇಕೆ ಹೇಳಲಿ, ಬಾಟಲಿ ಬ್ಯಾಗಿನಲ್ಲಿ ಒಂದು ಕ್ಷಣ ಭಾರವಾಯಿತು. ಒಂದು ವರ್ಷ ಅಂದುಕೊಂಡೆ. ಅಷ್ಟರಲ್ಲಿ ಡಾಕ್ಟರ್ ಹುಡುಗಿ ಬಂದು “ಏನೇನು ತೆಗೆದುಕೊಳ್ಳುತ್ತಿದ್ದಾರೆ, ಎಲ್ಲವನ್ನೂ ತೋರಿಸಿ” ಅಂದಳು. ‘ಎಲ್ಲವನ್ನೂ’ ಅಂದದ್ದಕ್ಕೆ ಎರಡನ್ನೂ ಮೇಜಿನ ಮೇಲಿಟ್ಟೆ.

“ಈ ಡಾಕ್ಟರು ಇವರನ್ನು ಯಾವತ್ತು ಪರೀಕ್ಷೆ ಮಾಡಿದ್ದು?”

“ಪರೀಕ್ಷೆ ಮಾಡಿಲ್ಲ. ಅವರ ಮನೆಯಲ್ಲಿ ಊಟವಾದ ಮೇಲೆ ಬರೆದುಕೊಟ್ಟರು.”

ಅವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಇನ್ನೊಮ್ಮೆ ಹೇಳಬೇಕಾಯಿತು. ನಮಗೆ ಅಷ್ಟು ಸಹಜವಾದದ್ದು ಆ ಹುಡುಗಿಗೆ ಅರ್ಥವಾಗಲು ಹೊತ್ತಾಯಿತು.

ಅತ್ತೆ ಎರಡು ದಿನ ಅಲ್ಲಿದ್ದು ಮನೆಗೆ ಬಂದರು. ಆಸ್ಪತ್ರೆಯವರು ಅಂಕಲ್ ಕ್ಲಿನಿಕ್ಕಿಗೆ ಫೋನ್ ಮಾಡಿ ರೋಗಿಯ ಫೈಲ್ ಕೇಳಿದ್ದರು. ಬೇಸ್‌ಮೆಂಟಿಗೆಲ್ಲಿಯ ಫೈಲು? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹೊಸ ವರ್ಷದ ಹೊತ್ತಿಗೆ ನಮ್ಮ ಗುಂಪಿನಲ್ಲೆಲ್ಲ ಸುದ್ದಿ: ಮಂಜುಳಾ ಡಾಕ್ಟರ್ ಅಂಕಲ್ ಮೇಲೆ ಕಂಪ್ಲೇಂಟ್ ಕೊಟ್ಟಳಂತೆ. ಉಂಡ ಮನೆಗೆ ಎರಡು ಬಗೆದವಳು. ಅತ್ತೆ ಹೇಗಿದ್ದಾರೆ ಅಂತ ಕೇಳಿದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು.

ಸಂಕ್ರಾಂತಿಗೆ ಮತ್ತೆ ಒಬ್ಬರ ಮನೆಯಲ್ಲಿ ಭಾನುವಾರದ ಊಟ. ಹೋಗುವುದಿಲ್ಲ ಅಂದರೆ ಸೋತ ಹಾಗೆ ಅಂತ ಹೋದೆ. ಎಳ್ಳು ಬೆಲ್ಲ ಕೊಟ್ಟು ಒಳ್ಳೇ ಮಾತಾಡಿ ಅನ್ನುವ ದಿನ ಯಾರೂ ನನ್ನ ಹತ್ತಿರ ಯಾವ ಮಾತನ್ನೂ ಆಡಲಿಲ್ಲ. ಹೊರಡುವಾಗ ಶೂ ಹಾಕಿಕೊಳ್ಳುತ್ತಿದ್ದೆವು, ಅಂಕಲ್ ಬಂದರು. ನನ್ನ ಹೆಗಲು ತಟ್ಟಿದರು. ಅತ್ತೆ, ಶ್ರೀಧರ ಪಕ್ಕದಲ್ಲೇ ಇದ್ದರು.

“ಆಗಿದ್ದು ಆಯ್ತು ಬಿಡಮ್ಮಾ. ನಾನೇನ್ ಮನಸ್ಸಲ್ಲಿ ಇಟ್ಕೊಂಡಿಲ್ಲ. ನನಗೊಂದ್ ಸಣ್ಣ ಇಮೇಲ್ ಹಾಕ್ಬಿಡಿ ನೀವು, ಆಸ್ಪತ್ರೆಯವರಿಗೆ ತೋರಿಸ್ತೀನಿ. ಅಮ್ಮ ಅಕ್ಟೋಬರಲ್ಲಿ ಕ್ಲಿನಿಕ್ಕಿಗೆ ಬಂದಿದ್ರು, ನಾನು ನೋಡಿದ್ದೆ, ಹಳೇ ಮಾತ್ರೆ ನಿಲ್ಸಿ ಅಂತ ಹೇಳಿದ್ದೆ, ವಯಸ್ಸಾಗಿದೆ, ಅಮ್ಮ ಮರ್ತುಬಿಟ್ರು ಅಂತ. ಅಷ್ಟೇ. ನಿನ್ನ ಲೆಟರ್ ರೆಡಿ ಇದೆ, ನಾಳೆ ಬೆಳಿಗ್ಗೆ ಕಳಿಸ್ತೀನಿ. ಬಿ ಪ್ರಾಕ್ಟಿಕಲ್.”

“ಅಂಕಲ್, ಅವರ ಕೈ ಹಿಡಿದು ಒಂದ್ಸಲಾನಾದ್ರೂ ಪಲ್ಸ್ ನೋಡಿದ್ರಾ ನೀವು?” ಅಂದೆ.

ಅವರು ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿ, ಬಾಯಿ ತುಂಬ ನಕ್ಕು, “ಊಟ ಚೆನ್ನಾಗಾಯ್ತಾ ಅಮ್ಮಾ?” ಅಂದರು.

ಕಾರಿನಲ್ಲಿ ಹೀಟರ್ ಬಿಸಿಯಾಗುವ ಮುಂಚೆಯೇ ಶ್ರೀಧರ ಶುರು ಮಾಡಿದ. ಒಂದು ಇಮೇಲ್, ಮೂರು ಸಾಲು. ಯಾರಿಗೂ ನಷ್ಟವಿಲ್ಲ. ಇಲ್ಲದಿದ್ದರೆ ಒಂದು ವರ್ಷ ಮನೆಯಲ್ಲಿ ಕೂರುತ್ತೀಯಾ? ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡದಿದ್ದದ್ದು ಸಿಟ್ಟಿನಿಂದ ಮಾತ್ರವಲ್ಲ. ನನಗೂ ಆ ಪತ್ರ ಬೇಕಿತ್ತು, ಅನ್ನ ಕಂಡ ಹಸಿದವಳ ಹಾಗೆ ಬೇಕಿತ್ತು. ಬೆಳಿಗ್ಗೆ ಎದ್ದು ಆ ಮೂರು ಸಾಲು ಬರೆದುಬಿಡುತ್ತಿದ್ದೆನೋ ಏನೋ, ನನಗೆ ಇವತ್ತಿಗೂ ಖಾತ್ರಿ ಇಲ್ಲ. ನನ್ನ ಮೌನವನ್ನು ಒಪ್ಪಿಗೆ ಅಂದುಕೊಂಡು ಶ್ರೀಧರ ಕನ್ನಡಿಯಲ್ಲಿ ಹಿಂದಿನ ಸೀಟಿನ ಕಡೆ ನೋಡಿದ.

“ಅವ್ವಾ, ಯಾರರ ಫೋನ್ ಮಾಡಿ ಕೇಳಿದ್ರ, ಹೌದು, ನಾನ ಮರತಿದ್ದೆ ಅಂದುಬಿಡು. ಮಂಜುಳಾನ ಸೀಟಿನ ಪ್ರಶ್ನೆ.”

ಅತ್ತೆ ಶಾಲನ್ನು ಬಿಗಿಯಾಗಿ ಹೊದ್ದುಕೊಂಡರು.

“ನಾ ಏನೂ ಮರತಿಲ್ಲ. ಮೂವತ್ತು ವರ್ಷ ಹುಡುಗರ ಹೆಸರು ಮರತಿಲ್ಲ, ಗುಳಿಗಿ ಮರೀತೀನೇನು? ಹೇಳಿದ್ರ ತಾನ ಮರಿಯೂದು?” ನನ್ನ ಸೀಟಿನ ಬೆನ್ನಿಗೆ ಬೆರಳಿನಿಂದ ಕುಟ್ಟಿದರು. “ಮಂಜುಳಾ, ಕೇಳಿಲ್ಲೆ. ಸುಳ್ಳ ಹೇಳಿ ಡಾಕ್ಟರ್ ಆದಾಕಿ ಕೈಯಾಗ ನಾ ನಾಡಿ ಕೊಡಾಕಿ ಅಲ್ಲ. ಓದೂದಿದ್ರ ನೆಟ್ಟಗ ಓದು. ಇಲ್ಲಾ ಆ ಪಾಟಿಚೀಲ ಒಲಿಗೆ ಹಾಕು.”

ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಮನೆ ಮುಟ್ಟುವವರೆಗೂ ಕಣ್ಣೊರೆಸಿಕೊಂಡೆ. ನನ್ನ ಪರವಾಗಿ ಆ ವರ್ಷ ಯಾರಾದರೂ ಆಡಿದ ಮೊದಲ ಮಾತು ಅದು, ಅದೂ ಬೈಗುಳ.

ಅಂಕಲ್‌ಗೆ ನಾನು ಯಾವ ಇಮೇಲೂ ಕಳಿಸಲಿಲ್ಲ, ಅವರೂ ನನಗೆ ಯಾವ ಪತ್ರವನ್ನೂ ಕಳಿಸಲಿಲ್ಲ. ಕ್ಲಿನಿಕ್ಕಿಗೆ ಹೋಗುವುದು ನಿಂತಿತು. ಅಡ್ವೈಸರ್ ಹೇಳಿದ ಹಾಗೆಯೇ ಆ ವರ್ಷ ಅರ್ಜಿ ಹಾಕಲಿಲ್ಲ, ವರ್ಷ ಹೋಯಿತು. ಮಾರ್ಚಿನಲ್ಲಿ ಅತ್ತೆ ಹುಬ್ಬಳ್ಳಿಗೆ ಹೊರಟರು, ಡಬ್ಬಿಯಲ್ಲಿ ಒಂದೇ ಜಾತಿಯ ಮಾತ್ರೆ ಇಟ್ಟುಕೊಂಡು. ಬೇಸ್‌ಮೆಂಟಿನ ದರ್ಬಾರು ಈಗಲೂ ನಡೆಯುತ್ತಿದೆಯಂತೆ. ಶ್ರೀಧರ ಹೋಗುತ್ತಾನೆ, ಮನೆಗೆ ಬಂದು ಯಾರ ಸಕ್ಕರೆ ಎಷ್ಟಾಯಿತು ಅಂತ ವರದಿ ಒಪ್ಪಿಸುತ್ತಾನೆ.

ಮುಂದಿನ ವರ್ಷ ಅಡ್ವೈಸರ್ ಬೇಡವೆಂದರೂ ಸಿಕ್ಕ ಪತ್ರಗಳನ್ನೇ ಇಟ್ಟು ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ಅತ್ತೆಗೆ ಫೋನ್ ಮಾಡಿದೆ.

“ಮತ್ತ ಯಾರು ಬರದು ಕೊಟ್ರು ಪತ್ರ?”

“ಕೆಮಿಸ್ಟ್ರಿ ಮೇಷ್ಟ್ರು ಅತ್ತೆ. ಇನ್ನೊಂದು ನಮ್ಮ ಆಂಬುಲೆನ್ಸ್ ದಳದ ಕ್ಯಾಪ್ಟನ್.”

“ಇಬ್ರೊಳಗ ಒಬ್ಬರರ ಡಾಕ್ಟರೇನು?”

“ಇಲ್ಲ ಅತ್ತೆ.”

“ಹಂಗಾರ ಖರೇನ ಬರದಿರ್ತಾರ ತಗೊ.”